ಉಣ್ಣದಿರುವುದೆಲ್ಲ ಉಪವಾಸವೇ?

ಹಿಮಾವೃತವಾದ ಅಂಟಾರ್ಕ್ಟಿಕ ಖಂಡದಲ್ಲಿ ಎಂಪರರ್ ಪೆಂಗ್ವಿನ್ ಎಂಬ ಪಕ್ಷಿಯುಂಟು. ಹೆಣ್ಣು ಮೊಟ್ಟೆಯಿಟ್ಟು ಆಹಾರಕ್ಕಾಗಿ ಕಡಲಿಗೆ ತೆರಳಿದ ಮೇಲೆ, ಗಂಡು ಆ ಒಂದೇ ಮೊಟ್ಟೆಯನ್ನು ಪಾದಗಳ ಮೇಲಿರಿಸಿಕೊಂಡು ಘೋರವಾದ ಚಳಿಯಲ್ಲಿ ಕಾವು ಕೊಡುತ್ತದೆ. ಕಡಲನ್ನು ಬಿಟ್ಟು ಬಂದಂದಿನಿಂದ ಹೆಣ್ಣು ಹಿಂದಿರುಗುವವರೆಗೆ, ಸುಮಾರು 4 ತಿಂಗಳ ಕಾಲ, ಅದಕ್ಕೆ ಆಹಾರವಿಲ್ಲ. ಅಷ್ಟಮಿ ಚತುರ್ದಶಿಗಳ ಒಂದು ದಿನದ ಉಪವಾಸವನ್ನೇ ದುಸ್ಸಾಧ್ಯವೆಂದು ಬಗೆಯುವ ಗೃಹಸ್ಥನಿಗೆ ಇದು ವಿಸ್ಮಯಕರವಾದುದು. ಹಾಗಾದರೆ ಈ ಪಕ್ಷಿಯನ್ನು ತಪಸ್ವಿಯೆನ್ನಬಹುದೇ? ಎನ್ನಲಾಗದಿದ್ದಲ್ಲಿ, ಅದರ ನಿರಾಹಾರಕ್ಕೂ ಶ್ರಾವಕನ ಉಪವಾಸಕ್ಕೂ ಇರುವ ಭೇದವಾವುದು? ದಿನಗಳ ಎಣಿಕೆಯಲ್ಲಂತೂ ಆ ಭೇದವಿಲ್ಲ.

ಪ್ರಾಣಿಗಳ ನಡವಳಿಕೆಯನ್ನು ಪರಿಶೀಲಿಸಿದ ವಿಜ್ಞಾನಿಗಳು ಅದರಲ್ಲಿ ಹುಟ್ಟಿನಿಂದ ಬಂದುದು, ಕಲಿಕೆಯಿಂದ ಬಂದುದು ಎಂಬ ಎರಡು ಬಗೆಗಳನ್ನು ಗುರುತಿಸಿದ್ದಾರೆ. ಕಾವಿಗೆ ಕುಳಿತ ಕೋಳಿ ಮೇವನ್ನು ಮರೆಯುವುದು ಮೊದಲನೆಯ ಬಗೆ. ಕಾಡುಕೋಳಿಗಳನ್ನು ಕುರಿತು 1980ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕಾವಿಗೆ ಕುಳಿತ ಹೇಂಟೆಗಳು ಆಹಾರ ಸಮೀಪದಲ್ಲಿಯೇ ಇದ್ದರೂ ಸ್ವಲ್ಪವೇ ತಿಂದು ದಿನೇ ದಿನೇ ತೂಕ ಕಳೆದುಕೊಂಡವು. ಕೆಲವು ದಿನ ಆಹಾರವನ್ನೇ ಕೊಡದೆ ಬಳಿಕ ಕೊಟ್ಟಾಗ ತಿಂದವು. ಆದರೆ ಕಾವಿನ ಆ ಹಂತಕ್ಕೆ ಸಹಜವಾದ ಕಡಿಮೆ ತೂಕವನ್ನು ಮುಟ್ಟುವಷ್ಟು ಮಾತ್ರ. ಅಂದರೆ ಅವು ಹಸಿವನ್ನು ಗೆದ್ದುದಲ್ಲ. ಆ ದಿನಗಳಲ್ಲಿ ಹಸಿವೇ ತಗ್ಗಿತ್ತು. ಒಂದು ಸಹಜಪ್ರವೃತ್ತಿ ಮತ್ತೊಂದನ್ನು ಹಿಂದಕ್ಕೆ ಸರಿಸಿತ್ತು. ಬಯಕೆಯೇ ಇಲ್ಲದೆಡೆ ತ್ಯಾಗದ ಮಾತೆಲ್ಲಿ?

ಎರಡನೆಯ ಬಗೆಗೆ ರಷ್ಯದ ವಿಜ್ಞಾನಿ ಇವಾನ್ ಪಾವ್ಲೊವ್ ಅವರ ಪ್ರಯೋಗಗಳು ಪ್ರಸಿದ್ಧವಾದ ನಿದರ್ಶನ. ನಾಯಿಗೆ ಆಹಾರ ಕೊಡುವ ಮೊದಲು ಪ್ರತಿಸಲವೂ ಗೊತ್ತಾದ ಒಂದು ಸದ್ದನ್ನು ಕೇಳಿಸಿದರೆ, ಕೆಲಕಾಲದ ಮೇಲೆ ಬರಿಯ ಸದ್ದಿಗೇ ಅದರ ಬಾಯಲ್ಲಿ ಜೊಲ್ಲೂರತೊಡಗುತ್ತದೆ. ಆದರೆ ಆಹಾರವಿಲ್ಲದೆ ಸದ್ದನ್ನಷ್ಟೇ ಮತ್ತೆ ಮತ್ತೆ ಕೇಳಿಸಿದಲ್ಲಿ ಜೊಲ್ಲು ಕ್ರಮೇಣ ಕುಗ್ಗಿ ನಿಲ್ಲುತ್ತದೆ. ಸನ್ನಿವೇಶ ಕಟ್ಟಿದ ರೂಢಿಯನ್ನು ಸನ್ನಿವೇಶವೇ ಬಿಚ್ಚಿಬಿಡುತ್ತದೆ.

ಈ ಮಾತನ್ನು ಪ್ರತಿಯೊಂದು ಶ್ರಾವಕ ಕುಟುಂಬವೂ ವಿಚಾರಿಸಬೇಕಾಗಿದೆ. ಸೂರ್ಯಾಸ್ತದೊಳಗೆ ಊಟ ಮುಗಿಯುವ, ಗೆಡ್ಡೆಗೆಣಸು ಹೊಸ್ತಿಲು ದಾಟದ ಮನೆಯಲ್ಲಿ ಬೆಳೆದ ಮಗನು ವಿದ್ಯಾಭ್ಯಾಸಕ್ಕಾಗಿ ದೂರದ ನಗರಕ್ಕೆ ಹೋಗುತ್ತಾನೆ. ಅಲ್ಲಿಯ ವಿದ್ಯಾರ್ಥಿನಿಲಯದಲ್ಲಿ ರಾತ್ರಿ ಎಂಟಕ್ಕೆ ಊಟದ ಗಂಟೆ. ಕೆಲವೇ ವಾರಗಳಲ್ಲಿ ಹದಿನೆಂಟು ವರ್ಷಗಳ ರೂಢಿ ಸಡಿಲುತ್ತದೆ. ಮಗನ ವ್ರತ ಕೆಟ್ಟಿತೆಂದು ತಾಯಿ ಕಣ್ಣೀರಿಡುತ್ತಾಳೆ. ಆದರೆ ಕೆಟ್ಟುದು ವ್ರತವೇ? ಅವನು ಎಂದಾದರೂ ತಾನಾಗಿ ವ್ರತವನ್ನು ಸ್ವೀಕರಿಸಿದ್ದನೇ? ಮನೆಯ ಕಟ್ಟಳೆ ಅವನನ್ನು ತಡೆದಿತ್ತು. ಅವನು ತನ್ನನ್ನು ತಡೆದುಕೊಂಡಿರಲಿಲ್ಲ.

ಹಾಗೆಂದು ಮನೆಯ ಸಂಸ್ಕಾರ ನಿರರ್ಥಕವೆನ್ನಲಾಗದು. ಯೂರೋಪಿನ ಚಾಫಿಂಚ್ ಎಂಬ ಪುಟ್ಟ ಹಕ್ಕಿಯ ವಿಷಯದಲ್ಲಿ ಡಬ್ಲ್ಯು. ಎಚ್. ಥಾರ್ಪ್ ಅವರು 1950ರ ದಶಕದಲ್ಲಿ ನಡೆಸಿದ ಪರೀಕ್ಷೆಗಳು ಇಲ್ಲಿ ಸ್ಮರಣೀಯ. ಹಾಡುವ ಶಕ್ತಿ ಆ ಹಕ್ಕಿಗೆ ಹುಟ್ಟಿನಿಂದಲೇ ಇದೆ. ಆದರೆ ಎಳವೆಯಲ್ಲಿ ಹಿರಿಯ ಹಕ್ಕಿಗಳ ಹಾಡನ್ನು ಕೇಳದೆ ಒಂಟಿಯಾಗಿ ಬೆಳೆದ ಮರಿ ಒರಟಾದ, ಅಪೂರ್ಣವಾದ ಹಾಡನ್ನಷ್ಟೇ ಹಾಡಬಲ್ಲುದು. ಹುಟ್ಟು ಮತ್ತು ಕಲಿಕೆಗಳು ಹೀಗೆ ಒಂದನ್ನೊಂದು ಬೇಡುತ್ತವೆ. ಬಾಲ್ಯದಲ್ಲಿ ಸಂಯಮವನ್ನೇ ಕಾಣದವನಿಗೆ ಮುಂದೆ ಅದನ್ನು ಆಯ್ದುಕೊಳ್ಳುವುದು ಕಠಿಣ. ಆದುದರಿಂದ ಸಂಸ್ಕಾರ ಅವಶ್ಯಕ. ಆದರೆ ಅದೇ ವ್ರತವಲ್ಲ.

ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ವ್ರತವನ್ನು ವಿವರಿಸುವಾಗ, ಬುದ್ಧಿಪೂರ್ವಕವಾಗಿ ಮಾಡಿಕೊಂಡ ನಿಯಮಕ್ಕೇ ಆ ಹೆಸರನ್ನು ಸಲ್ಲಿಸಿದ್ದಾರೆ. ಇದರಿಂದ ಪ್ರಾಣಿಗಳಿಗೆ ವ್ರತವೇ ಇಲ್ಲವೆಂದು ಭಾವಿಸಿ ಮನುಷ್ಯನು ಬೀಗಬೇಕಾಗಿಲ್ಲ. ಮನಸ್ಸುಳ್ಳ ಪಂಚೇಂದ್ರಿಯ ತಿರ್ಯಂಚಜೀವಿಗೂ ದೇಶವ್ರತ ಸಾಧ್ಯವೆಂಬುದು ಶಾಸ್ತ್ರಸಮ್ಮತ. ಭಗವಾನ್ ಪಾರ್ಶ್ವನಾಥರ ಜೀವವು ಪೂರ್ವಭವವೊಂದರಲ್ಲಿ ವಜ್ರಘೋಷವೆಂಬ ಆನೆಯಾಗಿದ್ದ ಕಥೆ ಗುಣಭದ್ರಾಚಾರ್ಯರ ಉತ್ತರಪುರಾಣದಲ್ಲಿದೆ. ಅರವಿಂದ ಮುನಿಗಳನ್ನು ಕೊಲ್ಲಲೆಂದು ನುಗ್ಗಿದ ಆ ಮದಗಜವು ಅವರನ್ನು ಗುರುತಿಸಿ ಶಾಂತವಾಯಿತು; ಅವರ ಉಪದೇಶದಿಂದ ವ್ರತ ಧರಿಸಿತು. ಅನಂತರ ಇತರ ಆನೆಗಳು ಮುರಿದು ಬಿಸುಟ ಒಣ ಎಲೆಕೊಂಬೆಗಳನ್ನೇ ತಿಂದು ಜೀವಿಸಿತು. ಅದಕ್ಕೆ ಹಸಿವಿತ್ತು, ಬಲವಿತ್ತು, ಸುತ್ತಲೂ ಹಸಿರು ಕಾಡಿತ್ತು. ಅದರ ಹಿಂಡಿನಲ್ಲಿ ಅಂತಹ ರೂಢಿಯಿರಲಿಲ್ಲ; ಹುಟ್ಟುಗುಣವೂ ಅದಲ್ಲ. ಆದರೂ ಅದು ಸೊಂಡಿಲನ್ನು ತಡೆಹಿಡಿಯಿತು. ಪೆಂಗ್ವಿನ್ನಿನ 4 ತಿಂಗಳ ನಿರಾಹಾರದಲ್ಲಿ ಕಾಣದ ಸಂಗತಿ ಈ ಆನೆಯ ಒಂದು ತುತ್ತು ಒಣ ಎಲೆಯಲ್ಲಿದೆ.

ಮನೆಯಲ್ಲಿ ನೋಂಪಿ, ಏಕಾಶನಗಳು ನಡೆಯುವಾಗ ಹಿರಿಯರು ಇದನ್ನು ನೆನೆಯುವುದು ಒಳ್ಳೆಯದು. ಹಸಿದ ಮಗುವನ್ನು ಗದರಿಸಿ ಉಪವಾಸ ಮಾಡಿಸಿದರೆ ಬರಿಯ ರೂಢಿ ಬೆಳೆದೀತು. ಏಕೆ ಬಿಡಬೇಕೆಂಬುದನ್ನು ತಿಳಿಯಹೇಳಿ, ಒಂದು ಹೊತ್ತಿನ ಮಟ್ಟಿಗಾದರೂ ಬಿಡುವೆನೆಂಬ ಮಾತು ಅದರ ಬಾಯಿಂದಲೇ ಬರುವವರೆಗೆ ಕಾದರೆ, ಆ ಒಂದು ಹೊತ್ತು ಚಿಕ್ಕದಾದರೂ ವ್ರತವೇ ಆಗುತ್ತದೆ. ಎಂಟರ ಗಂಟೆ ಬಾರಿಸುವ ಊರಿನಲ್ಲಿ ಮಗನಿಗೆ ನೆರವಾಗುವುದು ಅದು.