ಉರಿಯ ಅವಧಿ

ಶನಿವಾರಸಂತೆಯ ಬಳಿಯ ಮುಳ್ಳೂರಿನಲ್ಲಿ ಕೊಂಗಾಳ್ವರ ಕಾಲದ ಬಸದಿಗಳಿವೆ. ಆ ಕಡೆಯ ಕಾಫಿ ತೋಟವೊಂದರಲ್ಲಿ ಮಳೆಗಾಲದ ಒಂದು ದಿನ ಆಳಿನ ಅಂಗಾಲಿಗೆ ಮುಳ್ಳು ನೆಟ್ಟಿತೆನ್ನೋಣ. ಸ್ವಲ್ಪ ಹೊತ್ತಿನಲ್ಲೇ ಆ ಸ್ಥಳ ಕೆಂಪೇರಿ, ಬಿಸಿಯಾಗಿ, ಬಾತು ನೋಯತೊಡಗುವುದು. ಇದೇ ಉರಿಯೂತ. ಮುಳ್ಳನ್ನು ತೆಗೆದು ಗಾಯವನ್ನು ತೊಳೆದರೆ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಪಾದ ಮೊದಲಿನಂತಾಗುವುದು. ಉರಿ ಬಂದುದನ್ನು ಎಲ್ಲರೂ ಕಾಣುತ್ತಾರೆ; ಅದು ಹೋದುದು ಹೇಗೆಂದು ಕೇಳುವವರು ವಿರಳ. ದೋಷವಿರುವುದು ಉರಿಯುವುದರಲ್ಲೋ, ಆರದಿರುವುದರಲ್ಲೋ?

ಸೌದೆ ತೀರಿದ ಒಲೆಯಂತೆ ಉರಿಯೂತವು ತಾನಾಗಿ ನಂದುವುದೆಂದು ಬಹುಕಾಲ ತಿಳಿಯಲಾಗಿತ್ತು. ಅದು ಹಾಗಲ್ಲ. 1984ರಲ್ಲಿ ಚಾರ್ಲ್ಸ್ ಸೆರ್ಹಾನ್, ಬೆಂಗ್ಟ್ ಸ್ಯಾಮುಯೆಲ್ಸನ್ ಮೊದಲಾದವರು ಲಿಪಾಕ್ಸಿನ್‌ಗಳನ್ನು ಗುರುತಿಸಿದರು. ಈ ಶತಮಾನದ ಆರಂಭದಲ್ಲಿ ಸೆರ್ಹಾನರ ಬಳಗವು ರಿಸಾಲ್ವಿನ್‌ಗಳನ್ನು ಕಂಡುಹಿಡಿಯಿತು. ದೇಹವೇ ಕೊಬ್ಬಿನಾಮ್ಲಗಳಿಂದ ತಯಾರಿಸುವ ಈ ದ್ರವ್ಯಗಳು ಬಿಳಿರಕ್ತಕಣಗಳ ದಂಡು ಮತ್ತೆ ಮತ್ತೆ ನುಗ್ಗದಂತೆ ತಡೆಯುತ್ತವೆ. ಹೋರಾಡಿ ಸತ್ತ ಕಣಗಳನ್ನು ಭಕ್ಷಕಕಣಗಳು ನುಂಗಿ, ಸ್ಥಳವನ್ನು ಶುಚಿಗೊಳಿಸಿ, ದುರಸ್ತಿಗೆ ತೊಡಗುತ್ತವೆ. ಇನ್ನೂ ವಿಸ್ಮಯದ ಸಂಗತಿಯೊಂದು 2001ರಲ್ಲಿ ತಿಳಿದುಬಂದಿತು: ಉರಿಯನ್ನು ಹೆಚ್ಚಿಸುವ ಪ್ರೊಸ್ಟಾಗ್ಲಾಂಡಿನ್ ದ್ರವ್ಯವೇ ಲಿಪಾಕ್ಸಿನ್ ಹುಟ್ಟುವುದಕ್ಕೂ ಸನ್ನೆ ಕೊಡುತ್ತದೆ. ಶಮನದ ಸಿದ್ಧತೆ ನಡೆಯುವುದು ಉರಿಯ ನಡುವೆಯೇ.

ಆದರೆ ಮುಳ್ಳಿನ ಚೂರು ಒಳಗುಳಿದರೆ, ಕ್ಷಯದ ರೋಗಾಣು ಸಾಯದೆ ಅಡಗಿದರೆ, ಬೀಡಿಯ ಹೊಗೆ ನಿತ್ಯವೂ ಎದೆಗಿಳಿಯುತ್ತಿದ್ದರೆ ಈ ಶಮನಕಾರ್ಯ ಮುಗಿಯುವುದಿಲ್ಲ. ಆಮವಾತದಲ್ಲಂತೂ ದೇಹವು ತನ್ನ ಕೀಲುಗಳನ್ನೇ ಶತ್ರುವೆಂದು ಭ್ರಮಿಸುವುದು. ಕಾಯಲು ಬಂದ ದಂಡು ಊರಲ್ಲೇ ಬೀಡುಬಿಟ್ಟು ಅದನ್ನೇ ಸುಲಿಯುವುದು.

ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರವನ್ನು ಓದಿದವರಿಗೆ ಇಲ್ಲಿ ಕಷಾಯಗಳ ವಾಸನಾಕಾಲದ ನೆನಪಾಗದಿರದು. ಸಂಜ್ವಲನಕ್ಕೆ ಅಂತರ್ಮುಹೂರ್ತ, ಪ್ರತ್ಯಾಖ್ಯಾನಾವರಣಕ್ಕೆ ಒಂದು ಪಕ್ಷ, ಅಪ್ರತ್ಯಾಖ್ಯಾನಾವರಣಕ್ಕೆ ಆರು ತಿಂಗಳು. ಅನಂತಾನುಬಂಧಿಯು ಭವಭವಗಳಿಗೂ ಬೆನ್ನುಹತ್ತುವುದು. ಅಲ್ಲಿ ಅಳೆದದ್ದು ಸಿಟ್ಟಿನ ಕಾವನ್ನಲ್ಲ, ಅದು ಉಳಿದ ಕಾಲವನ್ನು. ಹಾಗೆಂದು ಬಾವನ್ನು ಕಷಾಯವೆಂದು ಎಣಿಸತಕ್ಕದ್ದಲ್ಲ. ಬಾವು ಪುದ್ಗಲದ ವ್ಯಾಪಾರ, ರೋಗಿಯ ತಪ್ಪಲ್ಲ.

ಈ ಭೇದವನ್ನು ಮರೆತಾಗಲೇ ಅನರ್ಥ. ಆಮವಾತದಿಂದ ನರಳುವ ವೃದ್ಧೆಯೊಬ್ಬರು ಅಷ್ಟಮಿ ಚತುರ್ದಶಿಗಳಂದು ಉಪವಾಸವಿರುತ್ತಾರೆ. ಉಪವಾಸವೇ ಔಷಧವೆಂದು ನಂಬಿ ಮನೆಯವರು ಮಾತ್ರೆಗಳನ್ನು ಬಿಡಿಸುತ್ತಾರೆ. ಉಪವಾಸಕಾಲದಲ್ಲಿ ದೇಹದಲ್ಲಿ ಹೆಚ್ಚುವ ಕೀಟೋನ್ ದ್ರವ್ಯವೊಂದು ಉರಿಯೂತದ ಒಂದು ಯಂತ್ರವನ್ನು ತಡೆಯುವುದೆಂದು 2015ರಲ್ಲಿ ಪ್ರಯೋಗಗಳು ತೋರಿಸಿದ್ದು ನಿಜ. ಆದರೆ ಅವು ಬಹುಮಟ್ಟಿಗೆ ಇಲಿಗಳ ಮೇಲೆ ನಡೆದವು. ಅಷ್ಟನ್ನೇ ನಂಬಿ ಮದ್ದು ಬಿಟ್ಟರೆ ಸವೆದ ಕೀಲು ಮರಳಿ ಬಾರದು. ಬರಿಹೊಟ್ಟೆಯಲ್ಲಿ ನೋವಿನ ಮಾತ್ರೆ ನುಂಗಿದರೆ ಜಠರಕ್ಕೆ ಹುಣ್ಣಾದೀತು, ಅದೂ ಕಷ್ಟವೇ. ಷೋಡಶಕಾರಣ ಭಾವನೆಗಳಲ್ಲಿ ಹೇಳಿರುವುದು ಶಕ್ತಿಯನ್ನರಿತ ತಪಸ್ಸನ್ನು. ಅಂಥವರಿಗೆ ಏಕಾಶನವಿದೆ, ಆ ಒಂದು ಊಟಕ್ಕೆ ಮಾತ್ರೆಯ ವೇಳೆಯನ್ನು ಹೊಂದಿಸಬಹುದೇ ಎಂದು ವೈದ್ಯರನ್ನು ಮೊದಲೇ ಕೇಳಲು ಸಂಕೋಚಪಡಬೇಕಾದುದಿಲ್ಲ.