ಬೆಕ್ಕಿನ ಪಾಲು

ಸಕ್ಕರೆ ಕಾಯಿಲೆ ಮನುಷ್ಯರಿಗಷ್ಟೇ ಬರುವುದೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಅದು ಬೆಕ್ಕು, ನಾಯಿಗಳಿಗೂ ಬರುತ್ತದೆ. ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಎಷ್ಟು ತಿಂದರೂ ಸೊರಗುವ ಮೈ, ಲಕ್ಷಣಗಳೂ ನಮ್ಮವೇ. ನಮ್ಮ ಮನೆಯ 11 ವರ್ಷದ ಬೆಕ್ಕಿಗೆ ಈಗ 12 ಗಂಟೆಗೊಮ್ಮೆ ಇನ್ಸುಲಿನ್ ಚುಚ್ಚುತ್ತೇವೆ. ಸೀಸೆಯನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. 40 ಯೂನಿಟ್ಟಿನ ಸೀಸೆಗೆ 40ರ ಸಿರಿಂಜೇ ಬೇಕು. ಮದ್ದು ಹೆಚ್ಚಾದರೆ ಬೆಕ್ಕು ತೂರಾಡುತ್ತದೆ, ಸೆಳೆತ ಬಂದು ಸಾಯಲೂಬಹುದು. ಆಗ ಒಸಡಿಗೆ ಜೇನು ಸವರಿ ವೈದ್ಯರ ಬಳಿಗೆ ಓಡಬೇಕು. ಮದುವೆಗೆ ಹೋದರೂ ಗಡಿಯಾರ ನೋಡುತ್ತಲೇ ಊಟ.

“ನಮ್ಮಂಥೋರ ಗುಳಿಗೆಗೇ ದುಡ್ಡಿಲ್ಲ, ನಿಮ್ಮ ಬೆಕ್ಕಿಗೆ ಸೂಜಿಯಾ ಅಮ್ಮಾ?” ಎಂದು ಮನೆಗೆಲಸಕ್ಕೆ ಬರುವ ಹೆಂಗಸು ಒಮ್ಮೆ ಕೇಳಿದರು. ಅವರಿಗೂ ಇದೇ ಕಾಯಿಲೆ. ಆ ಮಾತಿನಲ್ಲಿ ಕುಹಕವಿರಲಿಲ್ಲ, ಲೆಕ್ಕವಿತ್ತು. ಆ ಲೆಕ್ಕಕ್ಕೆ ಉತ್ತರ ಕೊಡದೆ ಪ್ರಾಣಿದಯೆಯ ಬಗ್ಗೆ ಮಾತಾಡುವ ಹಕ್ಕು ಯಾರಿಗೂ ಇಲ್ಲ.

ಮೊದಲು ಹೊಳೆಯುವುದು ಋಣದ ಮಾತು. 1889ರಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೇರಿಂಗ್ ನಾಯಿಯ ಮೇದೋಜೀರಕ ಗ್ರಂಥಿಯನ್ನು ತೆಗೆದಾಗಲೇ ಈ ಕಾಯಿಲೆಯ ಮೂಲ ಕಂಡದ್ದು. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ನಾಯಿಗಳ ಮೇಲೆಯೇ ಪ್ರಯೋಗ ನಡೆಸಿದರು. 1922ರ ಜನವರಿಯಲ್ಲಿ ಆ ಮದ್ದು 14 ವರ್ಷದ ಹುಡುಗನೊಬ್ಬನಿಗೆ ಸಿಕ್ಕಿತು. ಮುಂದೆ ಸುಮಾರು 60 ವರ್ಷ ದನ, ಹಂದಿಗಳ ಗ್ರಂಥಿಯಿಂದ ತೆಗೆದ ಇನ್ಸುಲಿನ್ನೇ ಜಗತ್ತಿನ ರೋಗಿಗಳನ್ನು ಉಳಿಸಿತು. ಋಣ ದೊಡ್ಡದು, ನಿಜ. ಆದರೆ ಸತ್ತ ನಾಯಿಗಳ ಸಾಲವನ್ನು ಬದುಕಿರುವ ಬೆಕ್ಕಿಗೆ ತೀರಿಸುತ್ತೇವೆಂದರೆ ಅದು ಬರೀ ಮಾತಿನ ಜಾಣತನವಾದೀತು.

ನಿಜವಾದ ಕಾರಣ ಇನ್ನೂ ಹತ್ತಿರದಲ್ಲಿದೆ. ಬೆಕ್ಕನ್ನು ಕೂಡಿಹಾಕಿ, ತಾನೂ ಉಣಿಸದೆ, ಅದು ತಾನಾಗಿ ಹುಡುಕಿ ತಿನ್ನಲೂ ಬಿಡದೆ ಸಾಯಿಸಿದ ಹೆಂಗಸೊಬ್ಬಳು ಶಿಕ್ಷೆಗೆ ಗುರಿಯಾದ ಹದೀಸನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಅಲ್ಲಿ ಕೊಡದಿದ್ದುದಷ್ಟೇ ತಪ್ಪಲ್ಲ, ದಾರಿ ಮುಚ್ಚಿದ್ದೂ ತಪ್ಪು. ಸಾಕುವುದೆಂದರೆ ಒಂದು ಜೀವದ ಬೇರೆಲ್ಲ ದಾರಿಗಳನ್ನು ಮುಚ್ಚುವುದೇ ತಾನೇ? ಒಳಗೇ ಮಲಗಿ ಕೊಬ್ಬಿದ ಬೆಕ್ಕಿಗೆ ಸಕ್ಕರೆ ಕಾಯಿಲೆಯ ಭಯ ಹೆಚ್ಚು. ಬಾಗಿಲು ಹಾಕಿದವರೇ ಅದರ ಹೊಣೆಯನ್ನೂ ಹೊರಬೇಕು.

ಹಾಗಾದರೆ ಆ ಹೆಂಗಸಿನ ಲೆಕ್ಕ? ಮಗುವಿನ ಮದ್ದೋ ಬೆಕ್ಕಿನ ಮದ್ದೋ ಎಂಬ ಸಂಕಟ ಬಂದರೆ ಮಗುವೇ ಮೊದಲು. ಅದರಲ್ಲಿ ಎರಡು ಮಾತಿಲ್ಲ. ಕೈಲಾಗದವರು ಮದ್ದು ನಿಲ್ಲಿಸಿದರೆ ಅವರನ್ನು ಕಲ್ಲೆದೆಯವರೆನ್ನಲೂ ಬಾರದು. ಆದರೆ ನಮ್ಮಂಥ ಮನೆಗಳಲ್ಲಿ ಆ ಸಂಕಟ ಬರುವುದು ಅಪರೂಪ. ಮದುವೆಯ ಶಾಮಿಯಾನಕ್ಕೆ, ಎಸೆಯುವ ಬಿರಿಯಾನಿಗೆ ಸುರಿಯುವಾಗ ನೆನಪಾಗದ ಬಡವರು ಬೆಕ್ಕಿನ ಸೂಜಿ ಕಂಡಾಗ ಮಾತ್ರ ಏಕೆ ನೆನಪಾಗಬೇಕು? ಬಡವರ ಪಾಲನ್ನು ತೆಗೆಯಬೇಕಾದದ್ದು ಶಾಮಿಯಾನದಿಂದ, ಬೆಕ್ಕಿನ ತಟ್ಟೆಯಿಂದಲ್ಲ.

ಆ ಹೆಂಗಸಿನ ಗುಳಿಗೆ ಈಗ ನಮ್ಮ ಮನೆಯ ತಿಂಗಳ ಚೀಟಿಯಲ್ಲಿ ಅಕ್ಕಿ, ಎಣ್ಣೆಯ ಜೊತೆಗೇ ಬರುತ್ತದೆ. ಇದು ದಾನವೇನಲ್ಲ. ಹೊತ್ತು ಹೊತ್ತಿಗೆ ಒಂದು ಮೂಕ ಜೀವದ ಬಾಯಾರಿಕೆಯನ್ನು ಗಮನಿಸುವವರಿಗೆ, ಬಾಯಿರುವವರು ಹೇಳದೆ ನುಂಗಿಕೊಂಡದ್ದೂ ಕಾಣತೊಡಗುತ್ತದೆ. ಕಂಡಮೇಲೆ ಸುಮ್ಮನಿರುವುದು ಕಷ್ಟ.