ಗಡಿಯಾರದ ಚಿತ್ರ ಮತ್ತು ಹಿರಿಯರ ಗೌರವ

ವಯಸ್ಸಾದ ನಿಮ್ಮ ತಂದೆಯವರ ಮುಂದೆ ವೈದ್ಯರು ಬಿಳಿ ಹಾಳೆಯಿಟ್ಟು, "ಗಡಿಯಾರ ಬರೆದು ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ" ಎಂದರೆ ನಗಬೇಡಿ. ಅಷ್ಟು ಬರೆಯಲು ನೆನಪು, ಯೋಜನೆ, ಅಳತೆಯ ಅರಿವು ಒಟ್ಟಿಗೆ ದುಡಿಯಬೇಕು. 'ಹತ್ತು' ಎಂದು ಕೇಳಿದೊಡನೆ ನಿಮಿಷದ ಮುಳ್ಳನ್ನು ಎರಡರತ್ತ ಒಯ್ಯದೆ ಹತ್ತರ ಅಂಕಿಗೇ ಎಳೆಯುವವರುಂಟು. ಮನಸ್ಸಿನ ಹಿಡಿತ ಸಡಿಲಗೊಳ್ಳುತ್ತಿರುವ ಸುಳಿವು ಅದಾಗಿರಬಹುದು. 2005ರಲ್ಲಿ ಪ್ರಕಟವಾದ ಮಾಂಟ್ರಿಯಲ್ ಪರೀಕ್ಷೆಯಲ್ಲೂ ಈ ಗಡಿಯಾರವಿದೆ.

ಆದರೆ ಸುಳಿವನ್ನೇ ತೀರ್ಪೆಂದು ತಿಳಿಯಬಾರದು. ಪೆನ್ಸಿಲನ್ನೇ ಹಿಡಿಯದೆ ಬಾಳಿದವರು, ಕಣ್ಣಿಗೆ ಪೊರೆ ಬಂದವರು, ಕೈ ನಡುಗುವವರು ಸಹ ತಪ್ಪಬಹುದು. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆಗಳಿಂದಲೂ ಬುದ್ಧಿ ಮಂಕಾಗುತ್ತದೆ, ಇವಕ್ಕೆ ಚಿಕಿತ್ಸೆಯುಂಟು. ಆದ್ದರಿಂದ ನಾಚಿಕೆಗೆ ಅಂಜಿ ಪರೀಕ್ಷೆ ತಪ್ಪಿಸುವುದೂ ಅನ್ಯಾಯ, ನೆಂಟರ ಮುಂದೆ ಬರೆಸಿ ನಗುವುದೂ ಅನ್ಯಾಯ.

ಮೊದಲು ಅವರ ಒಪ್ಪಿಗೆ ಕೇಳಿ. ಫಲಿತಾಂಶವನ್ನು ಅವರ ಬೆನ್ನ ಹಿಂದೆ ಪಿಸುಗುಟ್ಟದೆ, ಅವರಿಗೇ ಮೆಲ್ಲನೆ ತಿಳಿಸಿ. ಯಾವ ನೆರವು ಬೇಕೆಂಬುದನ್ನಷ್ಟೇ ಆ ಹಾಳೆ ಹೇಳಬಲ್ಲದು. ಹೆತ್ತವರಿಗೆ ನಾವು ಸಲ್ಲಿಸಬೇಕಾದ ಗೌರವಕ್ಕೆ ಅವರ ನೆನಪು ಚುರುಕಾಗಿರಬೇಕೆಂಬ ಷರತ್ತಿಲ್ಲ.